ಸೆಲ್ಯುಲಾಯ್ಡಿನ ಬಾಳು: ಕನ್ನಡ ಚಿತ್ರಚರಿತ್ರೆಯಲ್ಲಿ ಒಂದು ಉಪೇಕ್ಷೆ

೧

ಕನ್ನಡ ಚಲನಚಿತ್ರದ ಚರಿತ್ರೆಯನ್ನು ನಿರೂಪಿಸುವ ಬರಹಗಳಲ್ಲಿ ಮೊದಲ ಅಧ್ಯಾಯದ ರೂಪ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ೧೯೩೪ನೆಯ ಇಸವಿ ಮಾರ್ಚಿ ೩ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆಯ ಮೇಲೆ ಬಂದಿತು. ಚಮನ್‌ಲಾಲ್ ಡೂಂಗಾಜಿಯವರು ಬಂಡವಾಳ ಹೂಡಿದರು, ವೈ. ವಿ. ರಾಯರು ನಿರ್ದೇಶಿಸಿದರು, ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತುಗಳನ್ನೂ ಹಾಡುಗಳನ್ನೂ ರಚಿಸಿದರು. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತುವಾಗಿಯೂ, ಆರ್. ನಾಗೇಂದ್ರರಾಯರು ರಾವಣನಾಗಿಯೂ, ತ್ರಿಪುರಾಂಬಾ ಅವರು ಸುಲೋಚನೆಯಾಗಿಯೂ ಅಭಿನಯಿಸಿದರು. ಚಿತ್ರೀಕರಣ ನಡೆದುದು ಕೊಲ್ಹಾಪುರದಲ್ಲಿ. ಇಷ್ಟನ್ನು ಹೇಳಿದ ಮೇಲೆ ಲೇಖಕನು ಒಂದು ಸಣ್ಣ ವಾಕ್ಯವನ್ನು ಸೇರಿಸುವನು: ಈ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅನಂತರ ಎರಡನೆಯ ಚಿತ್ರದ ಮಾತು ಮೊದಲಾಗುವುದು.

ಪ್ರಸ್ತುತ ಲೇಖನದ ವಿಷಯ ಆ ಸಣ್ಣ ವಾಕ್ಯ. ಒಂದು ಶಾಸನ ಒಡೆದಿದ್ದರೆ ನಾವು ಆ ಕಲ್ಲು ಯಾವುದೆಂದು ಕೇಳುತ್ತೇವೆ. ಒಂದು ಓಲೆಯ ಕಟ್ಟು ಹುಳು ತಿಂದಿದ್ದರೆ ಅದಕ್ಕೆ ಎಣ್ಣೆ ಹಚ್ಚಿದ್ದರೇ, ಹೊಗೆಯ ಮೇಲೆ ಇಟ್ಟಿದ್ದರೇ ಎಂದು ವಿಚಾರಿಸುತ್ತೇವೆ. ಆದರೆ ಚಲನಚಿತ್ರದ ವಿಷಯದಲ್ಲಿ ಮಾತ್ರ, ಅದನ್ನು ಯಾವ ದ್ರವ್ಯದ ಮೇಲೆ ಬರೆಯಲಾಗಿತ್ತೆಂಬ ಪ್ರಶ್ನೆಯನ್ನೇ ಎತ್ತದೆ ಮುಂದಕ್ಕೆ ಹೋಗುತ್ತೇವೆ. ಈ ಉಪೇಕ್ಷೆಯಿಂದ ಎರಡು ತಪ್ಪುಗಳು ಹುಟ್ಟಿವೆ. ಹಳೆಯ ಚಿತ್ರಗಳ ಅಳಿವು ವಿಧಿಯೆಂದು ಭಾವಿಸುವುದು ಒಂದು. ಅನಂತರದ ಚಿತ್ರಗಳು ಸುರಕ್ಷಿತವಾಗಿವೆಯೆಂದು ನಂಬುವುದು ಇನ್ನೊಂದು. ಮೊದಲನೆಯ ತಪ್ಪು ಚರಿತ್ರೆಗೆ ಸಂಬಂಧಿಸಿದ್ದು. ಎರಡನೆಯದರ ಹಾನಿ ಈಗಲೂ ನಡೆಯುತ್ತಿದೆ.

೨

ಫಿಲ್ಮು ಎಂದು ನಾವು ಕರೆಯುವುದು ಒಂದೇ ವಸ್ತುವಲ್ಲ. ಅದರಲ್ಲಿ ಮುಖ್ಯವಾಗಿ ಎರಡು ಪದರಗಳುಂಟು. ಮೇಲಿನದು ಬೆಳ್ಳಿಯ ಕಣಗಳನ್ನು ಹಿಡಿದಿರುವ ಜೆಲಾಟಿನ್; ಚಿತ್ರವಿರುವುದು ಅಲ್ಲಿ. ಕೆಳಗಿನದು ಆಧಾರಪಟ್ಟಿ, ಯಂತ್ರದ ಎಳೆತವನ್ನು ತಾಳುವುದು ಅದು. ಈ ಆಧಾರಪಟ್ಟಿಯನ್ನು ಬಹುಕಾಲ ಸೆಲ್ಯುಲೋಸಿನಿಂದ, ಎಂದರೆ ಹತ್ತಿಯಲ್ಲಿಯೂ ಮರದಲ್ಲಿಯೂ ಇರುವ ನಾರಿನ ಸತ್ವದಿಂದ, ಮಾಡುತ್ತಿದ್ದರು.

ಸೆಲ್ಯುಲೋಸಿನ ಅಣುಗಳು ಉದ್ದವಾದ ಸರಪಣಿಗಳು. ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಹತ್ತಿಯನ್ನು ಮೇಣದಂತೆ ಕರಗಿಸಿ ಎರಕ ಹೊಯ್ಯಲು ಬರುವುದಿಲ್ಲ. ಕಾಯಿಸಿದರೆ ಅದು ಕರಗುವುದಕ್ಕೆ ಮುಂಚೆ ಕರಿಕಾಗುತ್ತದೆ. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ಈ ಹಿಡಿತ ಸಡಿಲಗೊಂಡು, ಅದು ದ್ರಾವಕಗಳಲ್ಲಿ ಕರಗುವ ಸೆಲ್ಯುಲೋಸ್ ನೈಟ್ರೇಟ್ ಆಗುವುದು. ಆದರೆ ಆ ದ್ರಾವಣವನ್ನು ಆರಿಸಿ ತೆಗೆದ ಹಾಳೆ ಗಡುಸು, ಬಾಗಿಸಿದರೆ ಸೀಳುವುದು. ೧೮೬೨ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ತೋರಿಸಿದ ವಸ್ತುವಿಗೆ ಇಂಥ ದೋಷಗಳಿದ್ದುವು. ೧೮೭೦ರ ಸುಮಾರಿಗೆ ಅಮೆರಿಕೆಯ ಹಯಟ್ ಸೋದರರು ಇದಕ್ಕೆ ಒಂದು ಜೊತೆಯನ್ನು ತಕ್ಕ ಪ್ರಮಾಣದಲ್ಲಿ, ತಕ್ಕ ರೀತಿಯಲ್ಲಿ ಸೇರಿಸಿದರು. ಆ ಜೊತೆ ನಮ್ಮ ದೇವರ ಮನೆಯ ಕರ್ಪೂರ. ಕರ್ಪೂರದ ಅಣುಗಳು ಸರಪಣಿಗಳ ನಡುವೆ ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಹಾಗೆ ಹುಟ್ಟಿದ್ದು ಸೆಲ್ಯುಲಾಯ್ಡು.

ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಮೆದುಗೊಳಿಸುವ ಇಂಥ ವಸ್ತುವನ್ನು ಹೆಚ್ಚಿಸಿದಷ್ಟೂ ಹಾಳೆಯ ಬಾಗುವ ಗುಣ ಹೆಚ್ಚುವುದು, ಎಳೆತವನ್ನು ತಡೆಯುವ ಬಲ ಕಡಮೆಯಾಗುವುದು; ಕಡಮೆ ಮಾಡಿದರೆ ಬಲ ಉಳಿದು ಬಾಗುವ ಗುಣ ಹೋಗುವುದು. ಆಧಾರಪಟ್ಟಿಯನ್ನು ಮಾಡುವ ಕೌಶಲವೆಲ್ಲ ಇವೆರಡರ ನಡುವಣ ಹದವನ್ನು ಹಿಡಿಯುವುದರಲ್ಲಿದೆ.

ಹದ ಏಕೆ ಬೇಕೆಂಬುದನ್ನು ಪ್ರಕ್ಷೇಪಕ ಯಂತ್ರದ ಕೆಲಸದಿಂದ ತಿಳಿಯಬಹುದು. ೩೫ ಮಿಲಿಮೀಟರು ಅಗಲದ ಪಟ್ಟಿಯಲ್ಲಿ ಒಂದೊಂದು ಚಿತ್ರಕ್ಕೂ ಎರಡು ಅಂಚುಗಳಲ್ಲಿ ನಾಲ್ಕು ನಾಲ್ಕು ರಂಧ್ರಗಳುಂಟು. ರಂಧ್ರದಿಂದ ರಂಧ್ರಕ್ಕೆ ಸುಮಾರು ೪.೭೫ ಮಿಲಿಮೀಟರು. ವಾಕ್ಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚಿತ್ರಗಳು ಹೋಗಬೇಕು. ಯಂತ್ರದ ಹಲ್ಲು ಈ ರಂಧ್ರಗಳಿಗೆ ಸಿಕ್ಕಿ, ಪಟ್ಟಿಯನ್ನು ಸೆಕೆಂಡಿಗೆ ೨೪ ಸಲ ಎಳೆದು ೨೪ ಸಲ ನಿಲ್ಲಿಸುತ್ತದೆ. ಸಾವಿರ ಅಡಿಯ ಒಂದು ಸುರುಳಿಯಲ್ಲಿ ೧೬,೦೦೦ ಚಿತ್ರಗಳು. ಅದು ಓಡುವುದು ಹನ್ನೊಂದು ನಿಮಿಷ. ದಿನಕ್ಕೆ ಮೂರು ಆಟವೆಂದರೆ ಪ್ರತಿಯೊಂದು ರಂಧ್ರವೂ ತಿಂಗಳಿಗೆ ತೊಂಬತ್ತು ಸಲ ಈ ಜಗ್ಗಾಟವನ್ನು ಸಹಿಸಬೇಕು.

ಈ ಪರೀಕ್ಷೆಯಲ್ಲಿ ಗೆದ್ದುದು ನೈಟ್ರೇಟು. ಅದಕ್ಕೆ ಬೆಂಕಿಯ ಅಪಾಯವಿದ್ದುದು ಎಲ್ಲರಿಗೂ ತಿಳಿದಿತ್ತು. ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಬೆಂಕಿಗೆ ಅಷ್ಟಾಗಿ ಅಂಜಬೇಕಿಲ್ಲದ ಸೆಲ್ಯುಲೋಸ್ ಅಸಿಟೇಟಿನ ಪಟ್ಟಿಗಳೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬಂದಿದ್ದುವು. ೧೯೨೩ರಿಂದ ಮನೆಗಳಲ್ಲಿ ಉಪಯೋಗಿಸುವ ೧೬ ಮಿಲಿಮೀಟರಿನ ಚಿತ್ರಗಳಿಗೆ ಅವನ್ನೇ ಬಳಸಿದರು. ಆದರೆ ಆ ಮೊದಲ ಅಸಿಟೇಟು ತೇವವನ್ನು ಹೀರುತ್ತಿತ್ತು, ಕುಗ್ಗುತ್ತಿತ್ತು, ರಂಧ್ರಗಳ ಬಳಿ ಬೇಗ ಹರಿಯುತ್ತಿತ್ತು. ಚಿತ್ರಮಂದಿರದ ಯಂತ್ರಕ್ಕೆ ಅದು ಸಾಲದು. ನೈಟ್ರೇಟಿಗೆ ಸಾಟಿಯಾಗಬಲ್ಲ ಟ್ರೈಅಸಿಟೇಟ್ ಪಟ್ಟಿ ಮಾರುಕಟ್ಟೆಗೆ ಬಂದುದು ೧೯೪೮ರಲ್ಲಿ. ಕೊಡಕ್ ಸಂಸ್ಥೆ ನೈಟ್ರೇಟಿನ ತಯಾರಿಕೆಯನ್ನು ನಿಲ್ಲಿಸಿದುದು ೧೯೫೧ರಲ್ಲಿ.

ಇದರಿಂದ ೧೯೩೪ರ ಚಿತ್ರವೊಂದು ನೈಟ್ರೇಟಿನ ಮೇಲೆ ಮುದ್ರಿತವಾದುದು ಯಾರೊಬ್ಬರ ಅಜ್ಞಾನದಿಂದಲೂ ಅಲ್ಲವೆಂಬುದು ಸ್ಪಷ್ಟವಾಗುವುದು. ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ದಿನದಿನವೂ ಹರಿಯದೆ ಓಡುವುದಕ್ಕೆ ಬೇಕಾದ ಬಲ, ನಮ್ಯತೆಗಳು ಅಂದು ಆ ದ್ರವ್ಯಕ್ಕೆ ಮಾತ್ರ ಇದ್ದುವು. ಚಿತ್ರ ಜನರನ್ನು ಮುಟ್ಟಿದುದು ಯಾವ ಗುಣದಿಂದಲೋ ಆ ಗುಣವನ್ನು ಹೊತ್ತ ವಸ್ತುವೇ ಅದರ ಬಾಳಿಗೆ ಗಡುವನ್ನೂ ಹಾಕಿತ್ತು.

೩

ಗಡುವು ಹೇಗೆ ಬರುತ್ತದೆ? ಕರ್ಪೂರವನ್ನು ಡಬ್ಬಿಯಲ್ಲಿಟ್ಟರೆ ಅದು ತಾನಾಗಿ ಆರಿಹೋಗುವುದೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಅದಕ್ಕೆಂದೇ ಜೊತೆಗೆ ನಾಲ್ಕು ಮೆಣಸಿನ ಕಾಳು ಹಾಕಿಡುವ ರೂಢಿಯುಂಟು. ಸೆಲ್ಯುಲಾಯ್ಡಿನೊಳಗಣ ಕರ್ಪೂರವೂ ಅದೇ ಕರ್ಪೂರ. ಅದು ವರ್ಷವರ್ಷಕ್ಕೆ ಮೇಲ್ಮೈಗೆ ಬಂದು ಗಾಳಿಗೆ ಸೇರುತ್ತದೆ. ಜೊತೆಯವನು ಹೊರಟುಹೋದಂತೆ ಸರಪಣಿಗಳು ಮತ್ತೆ ಹತ್ತಿರ ಸರಿಯುತ್ತವೆ. ಪಟ್ಟಿ ಕುಗ್ಗುತ್ತದೆ, ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಇದರೊಡನೆ ನೈಟ್ರೇಟು ತಾನೇ ವಿಘಟಿಸಿ ಆಮ್ಲವಾಯುವನ್ನು ಬಿಡುತ್ತದೆ. ಆ ಆಮ್ಲ ಉಳಿದ ಭಾಗವನ್ನು ಇನ್ನೂ ವೇಗವಾಗಿ ಕೆಡಿಸುತ್ತದೆ. ಬೆಳ್ಳಿಯ ಚಿತ್ರ ಮಾಸಿ, ಪಟ್ಟಿ ಅಂಟಂಟಾಗಿ, ಕೊನೆಗೆ ಕಂದುಪುಡಿಯಾಗುವುದು.

ಪುಡಿಯಾಗುವುದಕ್ಕೆ ಬಹಳ ಮುಂಚೆಯೇ ಚಿತ್ರ ಉಪಯೋಗಕ್ಕೆ ಬಾರದಂತಾಗುತ್ತದೆಂಬುದನ್ನು ಮರೆಯಬಾರದು. ನೂರಕ್ಕೆ ಒಂದು ಪಾಲು ಕುಗ್ಗುವುದೆಂದರೆ ಕೇಳಲು ಅಲ್ಪ. ಆದರೆ ಸಾವಿರ ಅಡಿಗೆ ಅದು ಹತ್ತು ಅಡಿ. ೧೯ ಮಿಲಿಮೀಟರು ಎತ್ತರದ ಒಂದು ಚಿತ್ರಕ್ಕೆ ಸುಮಾರು ೦.೧೯ ಮಿಲಿಮೀಟರು. ಯಂತ್ರದ ಹಲ್ಲುಗಳ ಅಂತರ ಕುಗ್ಗುವುದಿಲ್ಲವಷ್ಟೆ. ಹಲ್ಲು ರಂಧ್ರದ ನಡುವಿಗೆ ಬೀಳದೆ ಅಂಚಿಗೆ ಬೀಳುತ್ತದೆ, ಅಂಚು ಸೀಳುತ್ತದೆ. ಈ ಮಟ್ಟಕ್ಕೆ ಕುಗ್ಗಿದ ಪ್ರತಿಯನ್ನು ಸಾಮಾನ್ಯ ಯಂತ್ರದಲ್ಲಿ ಓಡಿಸುವುದು ಅದನ್ನು ಕೈಯಾರ ಹರಿದಂತೆ.

ಈಗ ‘ವಿಧಿ’ಯ ಮಾತಿಗೆ ಬರೋಣ. ನೈಟ್ರೇಟು ಅಳಿಯಲೇಬೇಕಾಗಿತ್ತೆಂಬ ಮಾತು ನಿಜವಲ್ಲ. ಲೂಮಿಯೇರ್ ಸೋದರರು ೧೮೯೫ರಲ್ಲಿ ತೆಗೆದ ಚಿತ್ರಗಳು ಉಳಿದಿವೆ, ಅವೂ ನೈಟ್ರೇಟೇ. ಇಂಗ್ಲೆಂಡಿನ ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ ತನ್ನ ಮೂಲಪ್ರತಿಗಳನ್ನು ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಶೈತ್ಯದಲ್ಲಿ, ೩೫ ಶೇಕಡಾ ತೇವದಲ್ಲಿ ಕಾಪಾಡುತ್ತಿದೆ. ತಂಪಿನಲ್ಲಿ ಈ ವಿಘಟನೆ ನಿಧಾನವಾಗುವುದು. ಅದಕ್ಕೆ ಬೇಕಾದುದು ಕೋಣೆ, ಹಣ, ಹಾಗೂ ಈ ವಸ್ತು ಉಳಿಸತಕ್ಕದ್ದೆಂಬ ಎಣಿಕೆ. ನಮ್ಮ ದೇಶದಲ್ಲಿ ಮೊದಲು ಹುಟ್ಟಿದ ಎಣಿಕೆ ಬೇರೆ ತೆರನಾದುದು. ೧೯೩೪ರ ಪೆಟ್ರೋಲಿಯಂ ಕಾಯಿದೆಯ ಅಡಿಯಲ್ಲಿ ೧೯೪೮ರಲ್ಲಿ ಫಿಲ್ಮಿನ ದಾಸ್ತಾನು, ಸಾಗಣೆಗಳಿಗೆ ನಿಯಮಗಳಾದುವು. ಎಂದರೆ ನೈಟ್ರೇಟ್ ಸುರುಳಿಯನ್ನು ಕಾನೂನು ಸೀಮೆಎಣ್ಣೆಯ ಪಕ್ಕದಲ್ಲಿ ಕೂರಿಸಿತು. ಅದನ್ನು ದಾಖಲೆಯೆಂದು ಬಗೆದು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪಿತವಾದುದು ೧೯೬೪ರಲ್ಲಿ. ‘ಸತಿ ಸುಲೋಚನಾ’ ಬಂದು ಆಗ ಮೂವತ್ತು ವರ್ಷವಾಗಿತ್ತು. ೨೦೦೩ರ ಜನವರಿಯಲ್ಲಿ ಪುಣೆಯಲ್ಲಿಯೇ ನೈಟ್ರೇಟ್ ಸುರುಳಿಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಲವು ಹಳೆಯ ಭಾರತೀಯ ಚಿತ್ರಗಳು ನಾಶವಾದುವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಚಿತ್ರಗಳು ಹೋದುದಕ್ಕೆ ರಸಾಯನಶಾಸ್ತ್ರವೇಕೆ? ಆಟ ಮುಗಿದ ಮೇಲೆ ಪ್ರತಿಗೆ ಬೆಲೆಯಿರಲಿಲ್ಲ. ಹರಿಯುವ ತನಕ ಊರೂರು ತಿರುಗಿಸಿದರು. ಹಳೆಯ ಸುರುಳಿಗಳನ್ನು ತೊಳೆದು ಬೆಳ್ಳಿ ತೆಗೆಯುವ ವ್ಯಾಪಾರವೂ ಇತ್ತು. ಈ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಒಪ್ಪಬೇಕು. ಆದರೆ ಅದರಿಂದ ದ್ರವ್ಯದ ವಿಚಾರ ಅನಾವಶ್ಯಕವಾಗುವುದಿಲ್ಲ, ಇನ್ನೂ ಆವಶ್ಯಕವಾಗುವುದು. ದ್ರವ್ಯ ಒಂದು ಗಡುವನ್ನು ಕೊಡುತ್ತದೆ. ಆ ಗಡುವಿನೊಳಗೆ ಮನುಷ್ಯರು ಮಾಡಿದುದು, ಮಾಡದೆ ಬಿಟ್ಟುದು ಚರಿತ್ರೆ. ಗಡುವು ಎಷ್ಟಿತ್ತೆಂದು ತಿಳಿಯದೆ ಹೊಣೆಯನ್ನು ನಿರ್ಣಯಿಸುವುದು ಹೇಗೆ?

೪

ಎರಡನೆಯ ತಪ್ಪು ಇದಕ್ಕಿಂತ ಗುರುತರವಾದುದು. ಟ್ರೈಅಸಿಟೇಟ್ ಪಟ್ಟಿಯ ಅಂಚಿನಲ್ಲಿ ‘ಸೇಫ್ಟಿ’ ಎಂದು ಮುದ್ರಿಸುತ್ತಿದ್ದರು. ಅದರ ಅರ್ಥ ಬೆಂಕಿಯಿಂದ ಸುರಕ್ಷಿತ ಎಂದು. ಕಾಲದಿಂದಲೂ ಸುರಕ್ಷಿತವೆಂದು ನಾವು ಅರ್ಥ ಮಾಡಿಕೊಂಡೆವು. ‘ಬೇಡರ ಕಣ್ಣಪ್ಪ’ (೧೯೫೪) ಮೊದಲ್ಗೊಂಡು ಬಹುಕಾಲದ ಕನ್ನಡ ಚಿತ್ರಗಳು ಸೇರಿರುವುದು ಈ ಯುಗಕ್ಕೆ.

ಟ್ರೈಅಸಿಟೇಟಿನಲ್ಲಿ ಕರ್ಪೂರದ ಸ್ಥಾನವನ್ನು ಸಾಮಾನ್ಯವಾಗಿ ಟ್ರೈಫಿನೈಲ್ ಫಾಸ್ಫೇಟ್ ಎಂಬ ವಸ್ತು ವಹಿಸಿತು. ಬಿಸಿಯೂ ತೇವವೂ ಕೂಡಿದಲ್ಲಿ ಅಸಿಟೇಟು ನೀರಿನೊಡನೆ ವರ್ತಿಸಿ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನ ಹುಳಿಯನ್ನು, ಬಿಡುತ್ತದೆ. ಆ ಹುಳಿ ಡಬ್ಬಿಯಲ್ಲೇ ನಿಂತರೆ ಮುಂದಿನ ವಿಘಟನೆಯನ್ನು ಅದೇ ಪ್ರಚೋದಿಸುವುದು. ಮೆದುಗೊಳಿಸುವ ವಸ್ತು ಬಿಳಿಯ ಹರಳಾಗಿ ಮೇಲಕ್ಕೆ ಬರುತ್ತದೆ, ಪಟ್ಟಿ ಕುಗ್ಗುತ್ತದೆ, ಅಷ್ಟು ಕುಗ್ಗದ ಜೆಲಾಟಿನ್ ಪದರ ಸುಕ್ಕಾಗಿ ಕಿತ್ತುಕೊಳ್ಳುತ್ತದೆ. ಟ್ರೈಅಸಿಟೇಟ್ ಹೀಗೆ ಕೆಡುವುದೆಂಬ ಮೊದಲ ವರದಿ ಅದು ಮಾರುಕಟ್ಟೆಗೆ ಬಂದ ಹತ್ತು ವರ್ಷದೊಳಗೆ ಕೊಡಕ್ ಸಂಸ್ಥೆಗೆ ತಲಪಿತು. ವರದಿ ಮಾಡಿದುದು ಭಾರತ ಸರ್ಕಾರ; ಬಿಸಿಲು ಸೆಕೆಗಳಲ್ಲಿ ಇಟ್ಟಿದ್ದ ಸುರುಳಿಗಳು ಅವು. ಪ್ರಪಂಚಕ್ಕೆ ಈ ರೋಗವನ್ನು ಮೊದಲು ತೋರಿಸಿಕೊಟ್ಟುದು ನಮ್ಮ ಹವೆ. ನಮ್ಮ ಚಿತ್ರಚರಿತ್ರೆಗಳಲ್ಲಿ ಈ ಸಂಗತಿಗೆ ಒಂದು ಸಾಲಿನ ಸ್ಥಳವೂ ದೊರೆತಿಲ್ಲವೆಂಬುದು ಸೋಜಿಗ.

ಅಮೆರಿಕೆಯ ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್ಸ್ಟಿಟ್ಯೂಟ್ ಇದರ ಕಾಲಮಾನವನ್ನು ಅಳೆದಿದೆ. ೨೧ ಡಿಗ್ರಿ ಉಷ್ಣತೆ, ೫೦ ಶೇಕಡಾ ತೇವಗಳಲ್ಲಿ ಹೊಸ ಪಟ್ಟಿ ಹುಳಿಯಾಗತೊಡಗಲು ಸುಮಾರು ೪೦ ವರ್ಷ ಹಿಡಿಯುವುದು. ಉಷ್ಣತೆ ಐದಾರು ಡಿಗ್ರಿ ಏರಿದರೆ ಈ ಅವಧಿ ಸುಮಾರು ಅರ್ಧವಾಗುವುದು. ತೇವ ಏರಿದರೆ ಇನ್ನೂ ಕಡಮೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದುದು ೧೯೬೪ರಲ್ಲಿ. ಅಂದಿನ ಕನ್ನಡ ಚಿತ್ರಗಳು ಬಹುಪಾಲು ಸಿದ್ಧವಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ, ಪ್ರಯೋಗಶಾಲೆಗಳಲ್ಲಿ. ಸಮುದ್ರದ ದಡದ ಆ ಹವೆಯಲ್ಲಿ ತಂಪಿಲ್ಲದ ಕೋಣೆಯೊಂದರಲ್ಲಿ ಇಟ್ಟ ೧೯೬೪ರ ಸುರುಳಿಗೆ ಇಪ್ಪತ್ತು ವರ್ಷದ ಗಡುವು ಕೂಡ ಇರಲಿಲ್ಲವೆಂದು ಈ ಲೆಕ್ಕದಿಂದ ಹೇಳಬಹುದು. ಬೆಂಗಳೂರಿನಲ್ಲಿಟ್ಟಿದ್ದರೆ ಕೆಲವು ವರ್ಷ ಹೆಚ್ಚು ದೊರೆಯುತ್ತಿತ್ತು. ರಾಜ್ಯಸರ್ಕಾರದ ಕಂಠೀರವ ಸ್ಟುಡಿಯೋ ೧೯೬೬ರಲ್ಲಿ ಯಶವಂತಪುರದ ಆಚೆ ಸ್ಥಾಪಿತವಾದುದನ್ನು ನಾವು ಉದ್ಯಮದ ಸ್ವಾವಲಂಬನೆಯ ದೃಷ್ಟಿಯಿಂದ ಮಾತ್ರ ನೋಡುತ್ತ ಬಂದಿದ್ದೇವೆ. ಚಿತ್ರ ಎಲ್ಲಿ ತಯಾರಾಗುವುದೋ ಸಾಮಾನ್ಯವಾಗಿ ಅದರ ಮೂಲಪ್ರತಿ ಇರುವುದೂ ಅಲ್ಲಿಯೇ ಆದುದರಿಂದ, ಅದು ಚಿತ್ರಗಳ ಆಯುಸ್ಸಿನ ಪ್ರಶ್ನೆಯೂ ಆಗಿತ್ತು.

೫

ಯಶವಂತಪುರದ ಹೆಸರು ಬಂದುದರಿಂದ ಅಲ್ಲಿಯದೇ ಇನ್ನೊಂದು ಸಂಗತಿಯನ್ನು ಹೇಳಬೇಕು. ಆ ಸ್ಟುಡಿಯೋದಿಂದ ಕೆಲವೇ ಮೈಲಿ ದೂರದಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯೂ, ಅದಕ್ಕೆ ಸಮೀಪದ ಮಲ್ಲೇಶ್ವರದಲ್ಲಿ ಮರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇವೆ. ಸೆಲ್ಯುಲೋಸನ್ನು ಇತರ ಪಾಲಿಮರುಗಳೊಡನೆ ಬೆರೆಸಿದರೆ ಬಲ ಏನಾಗುವುದೆಂಬುದು ಅಲ್ಲಿಯ ಸಂಶೋಧನೆಯ ವಿಷಯ. ೨೦೦೭ರಲ್ಲಿ ಈ ಎರಡು ಸಂಸ್ಥೆಗಳ ವಿದ್ವಾಂಸರು ಕೂಡಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಮರದ ನಾರನ್ನು ಪಾಲಿಪ್ರೊಪಿಲೀನಿನಲ್ಲಿ ಬೆರೆಸಿದ್ದಾರೆ. ನಾರಿಗೆ ನೀರಿನ ಒಲವು, ಪಾಲಿಪ್ರೊಪಿಲೀನಿಗೆ ನೀರಿನ ವೈರ. ಸುಮ್ಮನೆ ಬೆರೆಸಿದರೆ ಅವು ಪಕ್ಕಪಕ್ಕದಲ್ಲಿದ್ದೂ ಹೊಂದುವುದಿಲ್ಲ, ಬಿರುಕು ಹುಟ್ಟುವುದು ಅವೆರಡರ ಗಡಿಯಲ್ಲಿ. ಎರಡನ್ನೂ ಹಿಡಿಯಬಲ್ಲ ಮೂರನೆಯ ವಸ್ತುವನ್ನು ಅಲ್ಪವಾಗಿ ಸೇರಿಸಿದಾಗ ಎಳೆತದ ಬಲ ಸುಮಾರು ೪೫ ಶೇಕಡಾ ಹೆಚ್ಚಿತು. ಆದರೆ ನಾರು ಸೇರಿದುದರಿಂದ ತುಂಡಾಗುವ ಮುನ್ನ ಹಿಗ್ಗುವ ಗುಣವೂ ಪೆಟ್ಟು ತಡೆಯುವ ಗುಣವೂ ಕಡಮೆಯಾದುವು. ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕೆಂಬ ಸೆಲ್ಯುಲಾಯ್ಡಿನ ಹಳೆಯ ಪಾಠವೇ ಇಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ.

ಕರ್ಪೂರಕ್ಕೂ ಪಾಲಿಮರಿಗೂ ಇರುವ ವ್ಯತ್ಯಾಸವೂ ನಮ್ಮ ವಿಷಯಕ್ಕೆ ಸಂಬಂಧಪಟ್ಟುದೇ. ಕರ್ಪೂರದ ಅಣು ಚಿಕ್ಕದು; ಅದು ನುಸುಳಿ ಹೋಗಬಲ್ಲದು. ಮೆದುಗೊಳಿಸುವ ಜೊತೆ ತಾನೂ ಉದ್ದನೆಯ ಸರಪಣಿಯಾಗಿದ್ದರೆ ಸೆಲ್ಯುಲೋಸಿನ ಸರಪಣಿಗಳೊಡನೆ ಹೆಣೆದುಕೊಂಡು ಅಲ್ಲಿಯೇ ನಿಲ್ಲುವುದು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರು ನೈಟ್ರೇಟಿನೊಡನೆ ಹೀಗೆ ಒಂದಾಗಿ ಬೆರೆಯುವುದೆಂದು ಪಾಲಿಮರ್ ವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಚಲನಚಿತ್ರದ ಉದ್ಯಮ ಮಾತ್ರ ಈ ದಾರಿಯನ್ನು ಹಿಡಿಯಲಿಲ್ಲ. ಅದು ೧೯೯೦ರ ದಶಕದಲ್ಲಿ ಪ್ರದರ್ಶನದ ಪ್ರತಿಗಳಿಗೆ ಸೆಲ್ಯುಲೋಸನ್ನೇ ಬಿಟ್ಟು ಪಾಲಿಯೆಸ್ಟರಿಗೆ ಹೋಯಿತು. ಅದರ ಬಲ ಎಷ್ಟೆಂದರೆ ಸಿಕ್ಕಿಕೊಂಡಾಗ ಪಟ್ಟಿ ತುಂಡಾಗದೆ ಯಂತ್ರಕ್ಕೇ ಪೆಟ್ಟಾಗುವುದುಂಟು. ಅನಂತರ ಪಟ್ಟಿಯೇ ಇಲ್ಲದ ಡಿಜಿಟಲ್ ಕಾಲ ಬಂದಿತು. ನಡುವೆ ಉಳಿದುದು ಅಸಿಟೇಟಿನ ನಲವತ್ತು ವರ್ಷಗಳ ರಾಶಿ. ಅದರ ದ್ರವ್ಯವನ್ನು ಬಲ್ಲವರೂ ಅದರ ಕಥೆಯನ್ನು ಬರೆಯುವವರೂ ಒಂದೇ ಬಡಾವಣೆಯಲ್ಲಿದ್ದು ಒಬ್ಬರನ್ನೊಬ್ಬರು ಕಂಡಿಲ್ಲ.

೬

ಈ ಲೇಖಕನಿಗೆ ಇದರ ಚಿಂತೆ ಹತ್ತಿದುದು ಗ್ರಂಥಗಳಿಂದಲ್ಲ. ಯಲಹಂಕದ ಕಡೆಯ ಹಳೆಯ ಮನೆಯೊಂದರ ಅಟ್ಟದಲ್ಲಿ ಮೂರು ತಗಡಿನ ಡಬ್ಬಿಗಳಿದ್ದುವು. ಮನೆಯ ಹಿರಿಯರೊಬ್ಬರು ಹಿಂದೆ ಟೂರಿಂಗ್ ಟಾಕೀಸಿನಲ್ಲಿ ಕೆಲಸ ಮಾಡಿದ್ದರಂತೆ. ಮುಚ್ಚಳ ತೆಗೆದೊಡನೆ ಹುಳಿಯ ವಾಸನೆ ಮೂಗಿಗೆ ಹೊಡೆಯಿತು. ಅಂಚಿನಲ್ಲಿ ‘ಸೇಫ್ಟಿ’ ಎಂಬ ಅಕ್ಷರಗಳು ಸ್ಪಷ್ಟವಾಗಿದ್ದುವು. ಜೊತೆಗಿದ್ದ ವಿದ್ಯಾರ್ಥಿಗಳು ನೂರು ಚಿತ್ರಗಳನ್ನು ಎಣಿಸಿ ಪಟ್ಟಿಯನ್ನು ಅಳತೆಗೋಲಿನ ಪಕ್ಕದಲ್ಲಿಟ್ಟರು. ೧,೯೦೦ ಮಿಲಿಮೀಟರು ಇರಬೇಕಾದ ಉದ್ದದಲ್ಲಿ ಒಂದು ಬೆರಳಗಲಕ್ಕೂ ಮೀರಿ ಕಡಮೆ ಬಂದಿತು. ಅದನ್ನು ಯಂತ್ರಕ್ಕೆ ಏರಿಸುವ ಕಾಲ ಮುಗಿದಿತ್ತು. ಮನೆಯವರು “ಮೇಷ್ಟ್ರೇ, ಹೀಗೆಂದು ಮೊದಲೇ ಯಾರಾದರೂ ಹೇಳಿದ್ದರೆ ಕೆಳಗಿನ ತಣ್ಣನೆಯ ಕೋಣೆಯಲ್ಲಿ ಇಡುತ್ತಿದ್ದೆವು” ಎಂದರು. ಹೇಳಬೇಕಾಗಿದ್ದವರು ನಾವು.

ಆದುದರಿಂದ ವಿಭಾಗದ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಶಾಸನಗಳನ್ನು ಊರೂರಿಗೆ ಹೋಗಿ ಪಟ್ಟಿ ಮಾಡಿದಂತೆ, ಹಳೆಯ ಚಿತ್ರಮಂದಿರಗಳಲ್ಲಿ, ಹಂಚಿಕೆದಾರರ ಉಗ್ರಾಣಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಉಳಿದಿರುವ ಸುರುಳಿಗಳನ್ನು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಚಿತ್ರದ ಹೆಸರಿನೊಡನೆ ದ್ರವ್ಯದ ಹೆಸರೂ ಇರಲಿ: ನೈಟ್ರೇಟೇ, ಅಸಿಟೇಟೇ, ಪಾಲಿಯೆಸ್ಟರೇ, ವಾಸನೆ ಹೇಗಿದೆ, ಕುಗ್ಗು ಎಷ್ಟು. ಹುಳಿಯಾದುದನ್ನು ಹುಳಿಯಾಗದುದರಿಂದ ಬೇರೆ ಇಡಬೇಕು, ಡಬ್ಬಿಗೆ ಗಾಳಿಯಾಡಬೇಕು, ಕೋಣೆ ತಂಪಾಗಿಯೂ ಒಣಗಿಯೂ ಇರಬೇಕು. ಹುಳಿಯನ್ನು ಗುರುತಿಸಲು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಸೂಚಕ ಕಾಗದಗಳು ದೊರೆಯುತ್ತವೆ. ನೈಟ್ರೇಟೆಂಬ ಸಂಶಯವಿದ್ದರೆ ಮುಟ್ಟದೆ ತಿಳಿದವರಿಗೆ ತಿಳಿಸಬೇಕು. ಯಾವುದನ್ನೂ ಕುತೂಹಲಕ್ಕಾಗಿ ಯಂತ್ರಕ್ಕೆ ಹಾಕಬಾರದು. ಕುಗ್ಗಿದ ಪಟ್ಟಿಯಿಂದಲೂ ತಕ್ಕ ಉಪಕರಣದಲ್ಲಿ ಚಿತ್ರವನ್ನು ಪ್ರತಿಮಾಡಿಕೊಳ್ಳಲು ಸಾಧ್ಯವಿದೆ. ಹರಿದ ಪಟ್ಟಿಯಿಂದ ಅದು ಕಷ್ಟ.

೨೦೩೪ಕ್ಕೆ ಕನ್ನಡ ವಾಕ್ಚಿತ್ರಕ್ಕೆ ನೂರು ವರ್ಷ ತುಂಬುವುದು. ಆ ವರ್ಷ ಹೊರಬರುವ ಚರಿತ್ರೆಗಳಲ್ಲಿಯೂ ‘ಪ್ರತಿ ಉಳಿದಿಲ್ಲ’ ಎಂಬ ವಾಕ್ಯ ಬಂದೇ ಬರುತ್ತದೆ. ಅದನ್ನು ತಪ್ಪಿಸಲು ಈಗ ಸಾಧ್ಯವಿಲ್ಲ. ಅದು ಇನ್ನೆಷ್ಟು ಚಿತ್ರಗಳ ಮುಂದೆ ಬರಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಯಲಹಂಕದ ಆ ಮೂರು ಡಬ್ಬಿಗಳು ಈಗ ಕೆಳಗಿನ ಕೋಣೆಯಲ್ಲಿವೆ. ಮುಚ್ಚಳಗಳನ್ನು ಸ್ವಲ್ಪ ಸಡಿಲ ಬಿಟ್ಟಿದೆ.